ಕೈಯಲ್ಲಿ ಕುಚ್ಚು, ಕಿವಿಯಲ್ಲಿ ಧಾರಾವಾಹಿ

ಮಧುಗಿರಿಯ ಬೆಟ್ಟ ಕಪ್ಪಾಗಿ ಬೀದಿದೀಪ ಹತ್ತಿಕೊಳ್ಳುವ ಹೊತ್ತಿಗೆ ಮನೆಮನೆಯ ಟಿವಿಯೂ ಹತ್ತಿಕೊಳ್ಳುತ್ತದೆ. ಪರದೆಯ ಮೇಲೆ ಅತ್ತೆ ಸೊಸೆಗೆ ಸವಾಲು ಹಾಕುತ್ತಿರುತ್ತಾಳೆ. ಎದುರಿಗೆ ಗೋಡೆಗೊರಗಿ ಕೂತವಳ ಕಣ್ಣು ಮಾತ್ರ ತೊಡೆಯ ಮೇಲೆ ಹರಡಿದ ರೇಷ್ಮೆ ಸೀರೆಯ ಸೆರಗಿನಲ್ಲಿ. ಸೀರೆ ಅವಳದಲ್ಲ, ಮುಂದಿನ ವಾರ ಮದುವೆಯಿರುವ ಯಾರದೋ ಮನೆಯದು. ಸೆರಗಿನ ತುದಿಯ ಎಳೆ ಬಿಡಿಸಿ, ಸಮ ಮಾಡಿ, ಬಣ್ಣ ಹೊಂದುವ ಸಿಲ್ಕ್ ದಾರ ಸೇರಿಸಿ ಗಂಟು ಬಿಗಿಯುತ್ತಾಳೆ. ಸಾದಾ ಕುಚ್ಚಿಗೆ ಒಂದು ದರ, ಬೇಬಿ ಕುಚ್ಚಿಗೆ ಇನ್ನೊಂದು, ಮಣಿ ಪೋಣಿಸಿ ಕ್ರೋಷಾ ಕಡ್ಡಿಯಲ್ಲಿ ಹೆಣೆದರೆ ಅದರ ಎರಡು ಮೂರು ಪಟ್ಟು. ಸವಾಲಿನ ಮಾತು ಜೋರಾದಾಗ ಒಮ್ಮೆ ತಲೆ ಎತ್ತಿ, ‘ಇವಳಿಗೆ ಬುದ್ಧಿ ಬರಲ್ಲ ಕಣಕ್ಕ’ ಎಂದು ಪಕ್ಕದವಳಿಗೆ ಹೇಳಿ ಮತ್ತೆ ಗಂಟಿಗೆ ಮರಳುತ್ತಾಳೆ.

ಕನ್ನಡ ಧಾರಾವಾಹಿಗಳನ್ನು ಆಡಿಕೊಳ್ಳುವವರಿಗೆ ಕೊರತೆಯಿಲ್ಲ. ಒಂದೇ ಮುಖವನ್ನು ಮೂರು ಸಲ ತೋರಿಸುತ್ತಾರೆ, ಬಾಗಿಲು ತೆರೆದರೂ ಗುಡುಗಿನ ಸದ್ದು ಹಾಕುತ್ತಾರೆ, ಕಣ್ಣೆದುರು ನಡೆದದ್ದನ್ನೇ ಪಾತ್ರಗಳು ಮತ್ತೆ ಬಾಯಲ್ಲಿ ಹೇಳುತ್ತವೆ ಎಂಬುದು ಅವರ ದೂರು. ಕೈಯಲ್ಲಿ ಕೆಲಸವಿಟ್ಟುಕೊಂಡು ನೋಡುವವರ ಮನೆಗೆ ಬಂದರೆ ಇದೆಲ್ಲಕ್ಕೂ ಅರ್ಥ ಸಿಗುತ್ತದೆ. ಗುಡುಗು ಕೇಳಿಸಿದರೆ ತಲೆ ಎತ್ತಬೇಕು, ಇಲ್ಲದಿದ್ದರೆ ಬೇಕಿಲ್ಲ. ಮಾತಿನಲ್ಲೇ ಕತೆ ಸಾಗುವುದರಿಂದ ಒಂದು ಎಳೆಯೂ ತಪ್ಪುವುದಿಲ್ಲ. ಕುಳಿತು ಕಣ್ಣರಳಿಸಿ ನೋಡುವ ವಿಮರ್ಶಕನಿಗಿಂತ ಈ ಕೇಳುಗರನ್ನು ಧಾರಾವಾಹಿ ಬರೆಯುವವರು ಚೆನ್ನಾಗಿ ಅರಿತಿದ್ದಾರೆ.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ: ತುಮಕೂರು ಜಿಲ್ಲೆಯ ಈ ನಾಲ್ಕು ಬಯಲುಸೀಮೆ ತಾಲ್ಲೂಕುಗಳಲ್ಲಿ ಮಳೆಗಿಂತ ಕೈಕೆಲಸವೇ ಹೆಚ್ಚು ನಂಬಿಕಸ್ಥ. ಶಿರಾದ ಕೆಲವು ಓಣಿಗಳಲ್ಲಿ ಮೊರದ ತುಂಬ ಎಲೆ, ತಂಬಾಕು ಇಟ್ಟುಕೊಂಡು ಬೀಡಿ ಕಟ್ಟುತ್ತಾರೆ. ಕೂಲಿ ಸಾವಿರದ ಲೆಕ್ಕದಲ್ಲಿ. ಕೊರಟಗೆರೆ ಕಡೆ ಕನಕಾಂಬರ, ಮಲ್ಲಿಗೆಯನ್ನು ಮಾರುಗಟ್ಟಲೆ ಕಟ್ಟುವ ಕೈಗಳಿವೆ. ಪಾವಗಡದಲ್ಲಿ ಬಿತ್ತನೆಗೆ ಮುಂಚೆ ಕಡಲೆಕಾಯಿ ಸುಲಿಯುವ ಕಾಲ ಬಂದರೆ ಮಕ್ಕಳು ಮುದುಕರೆಲ್ಲ ಟಿವಿ ಮುಂದೆಯೇ ರಾಶಿ ಸುರಿದುಕೊಂಡು ಕೂರುತ್ತಾರೆ. ಬೇಸಿಗೆಯಲ್ಲಂತೂ ನಾಲ್ಕೂ ಕಡೆ ಹುಣಸೆ. ಹಣ್ಣು ಬಡಿದು ಸಿಪ್ಪೆ, ನಾರು, ಬೀಜ ಬೇರೆ ಮಾಡಿದ್ದು ತುಮಕೂರಿನ ಮಾರುಕಟ್ಟೆಗೆ ಹೋಗುತ್ತದೆ. ಕೂಲಿ ಕಿಲೋ ಲೆಕ್ಕ. ಬಡಿಯುವ ಸದ್ದಿನಲ್ಲಿ ಸಂಭಾಷಣೆ ಕೇಳಿಸದು, ಹಾಗಾಗಿ ಬಡಿಯುವುದು ಹಗಲಿಗೆ, ಬೀಜ ಬಿಡಿಸುವುದು ಧಾರಾವಾಹಿ ಹೊತ್ತಿಗೆ ಎಂದು ಕೆಲಸ ತಾನಾಗಿ ಹಂಚಿಕೆಯಾಗಿದೆ.

ಜಾಹೀರಾತಿಗೂ ಲೆಕ್ಕವಿದೆ. ಕೇಬಲ್ ಟಿವಿ ನಿಯಮದ ಪ್ರಕಾರ ಗಂಟೆಗೆ 12 ನಿಮಿಷ ಮೀರಿ ಜಾಹೀರಾತು ಹಾಕುವಂತಿಲ್ಲ. ನಿಯಮದ ಸುದ್ದಿ ಗೊತ್ತಿಲ್ಲದ ಮನೆಯೊಡತಿಗೂ ಮೊದಲ ವಿರಾಮದಲ್ಲಿ ಅಕ್ಕಿ ತೊಳೆದಿಟ್ಟು, ಎರಡನೆಯದರಲ್ಲಿ ಕುಕ್ಕರಿನ ಉರಿ ತಗ್ಗಿಸಿ ಬರಬಹುದೆಂಬುದು ಗೊತ್ತು.

ನೋಡಿದ್ದು ಸುಮ್ಮನೆ ಹೋಗುವುದೂ ಇಲ್ಲ. ನಾಯಕಿ ತೊಟ್ಟ ರವಿಕೆಯ ತೋಳು ಇಷ್ಟವಾದರೆ ಟಿವಿ ಪರದೆಯ ಫೋಟೊವನ್ನೇ ಮೊಬೈಲಿನಲ್ಲಿ ತೆಗೆದು ಟೈಲರ್ ಮುಂದೆ ಹಿಡಿಯುತ್ತಾರೆ. ಹೊಲಿಗೆ ಬಲ್ಲವಳಾದರೆ ಹಳೆಯ ಸೀರೆಯ ಅಂಚು ಬಿಚ್ಚಿ, ಅದನ್ನೇ ತೋಳಿಗೆ ಕೂರಿಸಿ, ಪೇಟೆಯಲ್ಲಿ ಸಾವಿರ ಮೀರುವ ರವಿಕೆಯನ್ನು ದಾರದ ಖರ್ಚಿನಲ್ಲಿ ಮುಗಿಸುತ್ತಾಳೆ. ಟಿವಿ ನೋಡುವುದು ಕಾಲಹರಣ ಎನ್ನುವವರು ಇಂಥ ಮನೆಯಲ್ಲಿ ಒಂದು ಸಂಜೆ ಕೂರಬೇಕು.

ಇನ್ನು ಖರ್ಚಿನ ಮಾತು. 2019ರ ಫೆಬ್ರುವರಿ 1ರಿಂದ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನ ಹೊಸ ದರಪದ್ಧತಿ ಬಂತು. 100 ಚಾನೆಲ್‌ಗಳ ಸಂಪರ್ಕಕ್ಕೆ ಆಗ 130 ರೂಪಾಯಿ, ತೆರಿಗೆ ಸೇರಿ 153 ರೂಪಾಯಿ 40 ಪೈಸೆ. ಹಣ ಕೊಟ್ಟು ನೋಡುವ ಚಾನೆಲ್‌ಗಳ ಬೆಲೆ ಪ್ರತ್ಯೇಕ, ದೊಡ್ಡವು 19 ರೂಪಾಯಿಯ ಆಸುಪಾಸು. ಕೇಬಲ್ ಹುಡುಗ ಹೇಳಿದಷ್ಟು ಕೊಡುತ್ತಿದ್ದ ಮನೆಗಳು ಅಂದು ಮೊದಲ ಬಾರಿಗೆ ಕಾಗದ ಪೆನ್ನು ಹಿಡಿದವು. ಕ್ರೀಡಾ ಚಾನೆಲ್ ಬೇಕೋ ಧಾರಾವಾಹಿ ಬೇಕೋ ಎಂಬ ಜಗಳ ಗಂಡ ಹೆಂಡಿರ ನಡುವೆ ಹುಟ್ಟಿತು. ಲೆಕ್ಕದಲ್ಲಿ ಇನ್ನೂ ಗಟ್ಟಿಗರು ತಿಂಗಳ ಶುಲ್ಕವೇ ಇಲ್ಲದ ದೂರದರ್ಶನದ ಫ್ರೀ ಡಿಶ್‌ಗೆ ಹೊರಳಿದರು. 2004ರ ಡಿಸೆಂಬರ್‌ನಲ್ಲಿ ‘ಡಿಡಿ ಡೈರೆಕ್ಟ್ ಪ್ಲಸ್’ ಹೆಸರಿನಲ್ಲಿ ಶುರುವಾದ ಸೇವೆ ಅದು. ತಟ್ಟೆ, ಪೆಟ್ಟಿಗೆಗೆ ಒಮ್ಮೆ ಕೊಟ್ಟರೆ ಮುಗಿಯಿತು.

ಫ್ರೀ ಡಿಶ್‌ನಲ್ಲಿ ಚಂದನ ವಾಹಿನಿ ಸಿಗುತ್ತದೆ. ಡಾ. ನಾ. ಸೋಮೇಶ್ವರ 2002ರಿಂದ ನಡೆಸಿಕೊಂಡು ಬಂದ ‘ಥಟ್ ಅಂತ ಹೇಳಿ’ ಸಿಗುತ್ತದೆ. ಕೋಟಿಯ ಆಸೆ ತೋರಿಸದೆ ಪುಸ್ತಕವನ್ನೇ ಬಹುಮಾನ ಕೊಡುವ ಆ ಕಾರ್ಯಕ್ರಮ ಕಾಸು ಎಣಿಸುವ ಮನೆಯವರಿಗೆ ಒಗ್ಗಿದ್ದು ಸಹಜ. ‘ಸತ್ಯದರ್ಶನ’ದಲ್ಲಿ ವೀಕ್ಷಕರ ಪ್ರಶ್ನೆಗಳಿಗೆ ಉತ್ತರಿಸಿ ಹೆಸರಾದ ವಿದ್ವಾಂಸರಂತೂ ಊರಿನ ಹೆಸರನ್ನೇ ಮುಂದಿಟ್ಟುಕೊಂಡ ಪಾವಗಡ ಪ್ರಕಾಶ ರಾವ್.

2023ರ ಗೃಹಜ್ಯೋತಿ ಬಂದ ಮೇಲೆ ಟಿವಿ ಹೊಸ ಲೆಕ್ಕಕ್ಕೆ ಸಿಕ್ಕಿತು. 200 ಯೂನಿಟ್ ಒಳಗೆ ಉಚಿತ ಎಂದರೂ ಆರಂಭದ ಷರತ್ತು ಬೇರೆಯೇ ಇತ್ತು: ಹಿಂದಿನ ವರ್ಷದ ಸರಾಸರಿ ಬಳಕೆ, ಅದರ ಮೇಲೆ ಶೇ 10, ಅಷ್ಟೇ. ಮಿತವಾಗಿ ಬಳಸುತ್ತಿದ್ದವರಿಗೆ ಸಿಕ್ಕಿದ್ದೂ ಮಿತವಾಗಿಯೇ. 32 ಇಂಚಿನ ಎಲ್‌ಇಡಿ ಟಿವಿ ದಿನಕ್ಕೆ ಐದು ಗಂಟೆ ಓಡಿದರೆ ತಿಂಗಳಿಗೆ ಸುಮಾರು 7–8 ಯೂನಿಟ್. ಆದ್ದರಿಂದ ಇಸ್ತ್ರಿಪೆಟ್ಟಿಗೆಗೆ ಕತ್ತರಿ ಬಿತ್ತು, ಟಿವಿಗೆ ಬೀಳಲಿಲ್ಲ. ತಿರುಮಣಿ ಸುತ್ತಮುತ್ತ 13,000 ಎಕರೆಯಲ್ಲಿ 2,050 ಮೆಗಾವಾಟ್ ಸೌರವಿದ್ಯುತ್ ಹುಟ್ಟಿಸುವ ಪಾವಗಡದಲ್ಲೂ ಜನ ಯೂನಿಟ್ ಎಣಿಸುತ್ತಾರೆ ಎನ್ನುವುದನ್ನು ಇಲ್ಲಿ ಸುಮ್ಮನೆ ಹೇಳಿಡಬಹುದು.

ಕಡಿಮೆ ಖರ್ಚಿನಲ್ಲಿ ಮನರಂಜನೆ ಹೊಂದಿಸಿಕೊಳ್ಳುವ ಈ ಜಾಣ್ಮೆ ನಿನ್ನೆ ಮೊನ್ನೆಯದಲ್ಲ. ಟೂರಿಂಗ್ ಟಾಕೀಸಿನ ಕಾಲದಲ್ಲಿ ಘಂಟಸಾಲರ ವೆಂಕಟೇಶನ ಹಾಡು ಧ್ವನಿವರ್ಧಕದಲ್ಲಿ ಕೇಳಿಸಿತೆಂದರೆ ಟಿಕೆಟ್ ಕೊಡಲು ಶುರುವಾಯಿತೆಂದೇ ಅರ್ಥ. ಗಡಿಯಾರವಿಲ್ಲದ ಹಳ್ಳಿಯವರು ಹಾಡು ಕೇಳಿ ಊಟಕ್ಕೆ ಕೂತು, ಮುಗಿಸಿ, ಹೊಲದ ಬದುವಿನ ಮೇಲೆ ಬೀಸುಗಾಲು ಹಾಕಿದರೆ ಹೆಸರು ತೋರಿಸುವ ಹೊತ್ತಿಗೆ ಟೆಂಟು ಸೇರುತ್ತಿದ್ದರು. ಕುರ್ಚಿಗಿಂತ ಬೆಂಚು ಅಗ್ಗ, ಬೆಂಚಿಗಿಂತ ನೆಲ ಅಗ್ಗ. ನೆಲದವರು ಮರಳು ಗುಡ್ಡೆ ಮಾಡಿ ಅದರ ಮೇಲೆ ಕೂತು ಬೆಂಚಿನವರ ಬೈಗುಳ ತಿನ್ನುತ್ತಿದ್ದರು.

ಮಕ್ಕಳದು ಇನ್ನೂ ಒಂದು ಕೈ ಮೇಲು. ರೀಲು ಹರಿದಾಗ ಆಪರೇಟರ್ ಕತ್ತರಿಸಿ ಎಸೆದ ತುಂಡುಗಳನ್ನು ಆಯ್ದು ತರುವುದು ಮೊದಲ ಹಂತ. ಸುಟ್ಟುಹೋದ ಬಲ್ಬಿನ ಕೆಳಗಿನ ಕಪ್ಪು ಗಾಜು ನಾಜೂಕಾಗಿ ಒಡೆದು, ಒಳಗಿನ ತಂತಿ ತೆಗೆದು, ನೀರು ತುಂಬಿದರೆ ಮಸೂರ ಸಿದ್ಧ. ಬಾಗಿಲು ಮುಚ್ಚಿದ ಕೋಣೆ, ಹೊರಗೆ ಬಿಸಿಲಿನಲ್ಲಿ ಕನ್ನಡಿ ಹಿಡಿದು ನಿಂತ ಒಬ್ಬ, ಕಿಟಕಿ ಸಂದಿಯಲ್ಲಿ ಫಿಲ್ಮಿನ ತುಂಡು, ಅದರ ಮುಂದೆ ಬಲ್ಬು, ಎದುರು ಗೋಡೆಗೆ ಅಜ್ಜನ ಪಂಚೆ. ಚಿತ್ರ ತಲೆಕೆಳಗಾಗಿ ಬೀಳುತ್ತದೆಂದು ಫಿಲ್ಮನ್ನೇ ತಲೆಕೆಳಗು ಹಿಡಿಯಬೇಕು. ದೃಗ್ವಿಜ್ಞಾನದ ಪಾಠ ಶಾಲೆಗಿಂತ ಮೊದಲೇ ಅಲ್ಲಿ ಮುಗಿಯುತ್ತಿತ್ತು. 35 ಮಿ.ಮೀ. ಫಿಲ್ಮಿನ ಒಂದು ಅಡಿಯಲ್ಲಿ 16 ಚೌಕ, ಸೆಕೆಂಡಿಗೆ ಓಡುವುದು 24. ಅಂದರೆ ಗೇಣುದ್ದದ ತುಂಡು ಟಾಕೀಸಿನಲ್ಲಿ ಅರ್ಧ ಸೆಕೆಂಡಿನ ಸಿನಿಮಾ. ಅದನ್ನೇ ಇಟ್ಟುಕೊಂಡು ಹುಡುಗರು ಇಡೀ ಮಧ್ಯಾಹ್ನ ಆಟ ನಡೆಸುತ್ತಿದ್ದರು, ಪ್ರವೇಶಕ್ಕೆ ಬೆಂಕಿಪೊಟ್ಟಣದ ಚಿತ್ರವೋ ಗೋಲಿಯೋ ಶುಲ್ಕ.

ಆಮೇಲೆ ಕಪ್ಪುಬಿಳುಪು ಟಿವಿಯ ಮುಂದೆ ಬಣ್ಣದ ಪ್ಲಾಸ್ಟಿಕ್ ಹಾಳೆ ಅಂಟಿಸಿ ಕಲರ್ ಟಿವಿ ಎಂದುಕೊಂಡ ಕಾಲ. ಆಂಟೆನಾ ತಿರುಗಿಸಲು ಒಬ್ಬ ಮಾಳಿಗೆ ಮೇಲೆ, ‘ಬಂತು ಬಂತು, ಹೋಯ್ತು’ ಎನ್ನಲು ಒಬ್ಬ ಕೆಳಗೆ. ಬೀದಿಯವರೆಲ್ಲ ಚಂದಾ ಹಾಕಿ ಒಂದು ರಾತ್ರಿಗೆ ವಿಸಿಪಿ ಬಾಡಿಗೆ ತಂದರೆ ಬೆಳಗಿನ ತನಕ ಮೂರು ನಾಲ್ಕು ಚಿತ್ರ. ಕೊಟ್ಟ ದುಡ್ಡು ವ್ಯರ್ಥವಾಗಬಾರದೆಂದು ತೂಕಡಿಸುವವರನ್ನು ಎಬ್ಬಿಸಿ ಕೂರಿಸುತ್ತಿದ್ದರು.

ಪಾವಗಡದ ಸಿನಿಮಾ ಪ್ರೀತಿಗೆ ಎರಡು ಭಾಷೆ. ಮೂರು ಕಡೆ ಆಂಧ್ರದ ನೆಲ, ಮನೆಮಾತು ಹಲವರಿಗೆ ತೆಲುಗು. ಡಬ್ಬಿಂಗ್ ಬೇಕೋ ಬೇಡವೋ ಎಂದು ಬೆಂಗಳೂರು ದಶಕಗಟ್ಟಲೆ ಜಗಳವಾಡುತ್ತಿದ್ದಾಗ ಇಲ್ಲಿನವರಿಗೆ ಆ ಪ್ರಶ್ನೆಯೇ ಹುಟ್ಟಲಿಲ್ಲ. ರಾಜ್‌ಕುಮಾರ್‌ಗೂ ಎನ್‌.ಟಿ. ರಾಮರಾವ್‌ಗೂ ಒಂದೇ ಮನೆಯಲ್ಲಿ ಕ್ಯಾಲೆಂಡರ್ ಇತ್ತು. ಪಕ್ಕದ ಹಿಂದೂಪುರ 1985ರಿಂದ ರಾಮರಾವ್ ಅವರ ವಿಧಾನಸಭಾ ಕ್ಷೇತ್ರವಾಗಿತ್ತು, 2014ರಿಂದ ಅವರ ಮಗ ಬಾಲಕೃಷ್ಣ ಅವರದು. ಮಧುಗಿರಿ ತಾಲ್ಲೂಕಿನ ಕೊಡಿಗೇನಹಳ್ಳಿ ಕಡೆಯವರಿಗೂ ಸಂತೆ, ಸಿನಿಮಾ ಎರಡಕ್ಕೂ ಹಿಂದೂಪುರವೇ ಹತ್ತಿರ. 2021ರ ಏಪ್ರಿಲ್‌ನಲ್ಲಿ ಆಂಧ್ರ ಸರ್ಕಾರ ಟಿಕೆಟ್ ದರ ಇಳಿಸಿದಾಗ ಗ್ರಾಮ ಪಂಚಾಯಿತಿ ವ್ಯಾಪ್ತಿಯ ಎ.ಸಿ. ಇಲ್ಲದ ಚಿತ್ರಮಂದಿರದ ಕೊನೆಯ ದರ್ಜೆಗೆ 5 ರೂಪಾಯಿ ಎಂದು ನಿಗದಿಯಾಗಿತ್ತು. ಒಂದು ಲೋಟ ಕಾಫಿಗಿಂತ ಅಗ್ಗದ ಸಿನಿಮಾ! ಚಿತ್ರಮಂದಿರದವರು ಗೋಳಾಡಿದರು, ಹಲವರು ಬೀಗ ಹಾಕಿದರು. 2022ರ ಮಾರ್ಚ್‌ನಲ್ಲಿ ಹೊಸ ಆದೇಶ ಬಂದು ಕನಿಷ್ಠ ದರ 20 ರೂಪಾಯಿಗೆ ಏರಿತು. ಪ್ರೇಕ್ಷಕನಿಗೆ ಅಗ್ಗವಾಗುವ ಭರದಲ್ಲಿ ಪರದೆಯೇ ಮುಚ್ಚಿದರೆ ಉಳಿತಾಯವಾದದ್ದೇನು?

ಈ ಜಿಲ್ಲೆ ಬರೀ ನೋಡುವವರದೂ ಅಲ್ಲ. ರಾಜ್‌ಕುಮಾರ್ ನಾಯಕನಾಗಿ ಮೊದಲು ಕಾಣಿಸಿಕೊಂಡ 1954ರ ‘ಬೇಡರ ಕಣ್ಣಪ್ಪ’ದ ಹಿಂದೆ ಗುಬ್ಬಿ ವೀರಣ್ಣನವರ ಸಂಸ್ಥೆ ಇತ್ತು. ಅದರಲ್ಲಿ ನಗಿಸಿದ ನರಸಿಂಹರಾಜು ತಿಪಟೂರಿನವರು. ಶಿರಾ ತಾಲ್ಲೂಕಿನ ಬರಗೂರಿನ ರಾಮಚಂದ್ರಪ್ಪ 1978ರಲ್ಲಿ ‘ಒಂದು ಊರಿನ ಕಥೆ’ ಮಾಡಿದವರು. ಮುಂದೆ ಒಬ್ಬರೇ ಕಲಾವಿದೆಯನ್ನಿಟ್ಟುಕೊಂಡು ‘ಶಾಂತಿ’ ತೆಗೆದರು. ಮಿತವ್ಯಯವೂ ಕಲೆಯೂ ಒಟ್ಟಿಗೆ ಕೂತದ್ದಕ್ಕೆ ಇದಕ್ಕಿಂತ ಉದಾಹರಣೆ ಬೇಡ. ‘ಪುಟ್ಟಕ್ಕನ ಮಕ್ಕಳು’ ಧಾರಾವಾಹಿಯಲ್ಲಿ ಮೆಸ್ ನಡೆಸಿ ಮೂವರು ಹೆಣ್ಣುಮಕ್ಕಳನ್ನು ಸಾಕುವ ಪುಟ್ಟಕ್ಕನಾದ ಉಮಾಶ್ರೀ ನೊಣವಿನಕೆರೆಯವರು. ಬೀಡಿ ಮೊರದ ಮುಂದೆ ಕೂತವರಿಗೆ ಆ ಪಾತ್ರ ನಟನೆ ಅನ್ನಿಸಲಿಲ್ಲ.

ಸಿನಿಮಾ ಮುಗಿದ ಮೇಲೂ ಅದರಿಂದ ಕೆಲಸ ತೆಗೆಯುವುದು ಇಲ್ಲಿನ ಗುಣ. ಸ್ಟಾರ್ ಹುಟ್ಟುಹಬ್ಬಕ್ಕೆ ಕಟ್ಟಿದ ಫ್ಲೆಕ್ಸ್ ಮಾರನೇ ವಾರ ಮೇವಿನ ಬಣವೆಗೆ ಹೊದಿಕೆ, ಮೇಕೆ ದೊಡ್ಡಿಗೆ ಮರೆ, ಹುಣಸೆ ಒಣಗಿಸಲು ಹಾಸು. ಹೀರೊ ಮುಖ ಮೇಲೆ ಬರುವಂತೆ ಹಾಸುವ ಅಭಿಮಾನಿಯೂ ಉಂಟು.

ಜಾಣತನ ಅಡ್ಡದಾರಿ ಹಿಡಿಯುವುದೂ ಇದೆ. ಹೊಸ ಚಿತ್ರ ಬಿಡುಗಡೆಯಾದ ಸಂಜೆಯೇ ಕದ್ದ ಪ್ರತಿ ಟೆಲಿಗ್ರಾಂನಲ್ಲಿ ಊರೆಲ್ಲ ಸುತ್ತುತ್ತದೆ. 2023ರ ಸಿನಿಮಾಟೊಗ್ರಾಫ್ ತಿದ್ದುಪಡಿ ಕಾಯ್ದೆಯ ಪ್ರಕಾರ ಸಿನಿಮಾ ಕದ್ದು ಚಿತ್ರೀಕರಿಸಿದವರಿಗೆ, ಹಂಚಿದವರಿಗೆ ಕನಿಷ್ಠ ಮೂರು ತಿಂಗಳು ಜೈಲು, ಮೂರು ಲಕ್ಷ ರೂಪಾಯಿ ದಂಡ. ಗಂಟು ಗಂಟಿಗೆ ಕೂಲಿ ಪಡೆಯುವ ಕೈ ಇನ್ನೊಬ್ಬರ ಕೂಲಿ ಕದಿಯುವುದು ಯಾವ ಲೆಕ್ಕಕ್ಕೂ ಒಪ್ಪುವುದಿಲ್ಲ.

ಹಾಗಾದರೆ ನ್ಯಾಯವಾಗಿ ದೊಡ್ಡ ಪರದೆಯಲ್ಲಿ ನೋಡುವುದು ಹೇಗೆ? 2025ರ ಸೆಪ್ಟೆಂಬರ್ 12ರಂದು ರಾಜ್ಯ ಸರ್ಕಾರ ಟಿಕೆಟ್‌ಗೆ ತೆರಿಗೆ ಬಿಟ್ಟು 200 ರೂಪಾಯಿ ಮಿತಿ ಹಾಕಿತು, ಅದೇ ತಿಂಗಳು ಹೈಕೋರ್ಟ್ ತಡೆ ಕೊಟ್ಟಿತು. ಪತ್ರಿಕೆಗಳಲ್ಲಿ ಭಾರೀ ಚರ್ಚೆಯಾದ ಈ ವಿಷಯ ತಾಲ್ಲೂಕು ಪಟ್ಟಣದ ಪ್ರೇಕ್ಷಕರನ್ನು ಅಷ್ಟಾಗಿ ಮುಟ್ಟಲಿಲ್ಲ. ಅವರಿಗೆ ತಟ್ಟುವುದು ಸೆಪ್ಟೆಂಬರ್ 22ರಿಂದ 100 ರೂಪಾಯಿವರೆಗಿನ ಟಿಕೆಟ್‌ನ ಜಿಎಸ್‌ಟಿ ಶೇ 12ರಿಂದ 5ಕ್ಕೆ ಇಳಿದದ್ದು. ಅದಕ್ಕೂ ಮೊದಲು, 2023ರ ಜೂನ್ 11ರಂದು ಹೆಂಗಸರಿಗೆ ಬಸ್ ಪ್ರಯಾಣ ಉಚಿತವಾಗಿಸಿದ ಶಕ್ತಿ ಯೋಜನೆ ಶುರುವಾದ ಮೇಲೆ ತುಮಕೂರಿಗೆ ಸಿಲ್ಕ್ ದಾರ, ಮಣಿ ತರಲು ಹೋದವರು ಉಳಿದ ಬಸ್ ಚಾರ್ಜಿನಲ್ಲಿ ಮ್ಯಾಟಿನಿ ನೋಡಿ ಬರುವುದು ಸಾಧ್ಯವಾಯಿತು. ಮ್ಯಾಟಿನಿ ಮಾತ್ರ. ಸಂಜೆ ಆಟ ಬಿಡುವ ಹೊತ್ತಿಗೆ ಹಳ್ಳಿಗೆ ಬಸ್ಸಿರುವುದಿಲ್ಲ.

ಸಾರಿಗೆ ಸಂಸ್ಥೆಯವರು ವಾರಕ್ಕೆ ಎರಡು ದಿನ, ಶನಿವಾರ ಮತ್ತು ಭಾನುವಾರ, ಈ ನಾಲ್ಕು ಪಟ್ಟಣಗಳಿಂದ ಹೋಬಳಿ ಕೇಂದ್ರಗಳಿಗೆ ರಾತ್ರಿ ಹತ್ತರ ಸುಮಾರಿಗೆ ಒಂದೊಂದು ಬಸ್ ಬಿಟ್ಟು ನೋಡಲಿ. ಚಿತ್ರಮಂದಿರದವರು ಹೆಂಗಸರ ಶೌಚಾಲಯಕ್ಕೆ ನೀರು, ಚಿಲಕ ಎರಡನ್ನೂ ಇಡಲಿ. ಟಿಕೆಟಿನ ದುಡ್ಡನ್ನು ಈ ಹೆಂಗಸರು ಹೊಂದಿಸಿಕೊಳ್ಳುತ್ತಾರೆ.