ಹತ್ತು ತಿಂಗಳು, ಹತ್ತು ಬಗೆಯ ಪುಸ್ತಕ: ಶಿಕ್ಷಕರ ಸ್ವಂತ ವಾಚನ ಸಂಕಲ್ಪ

ಪೀಠಿಕೆ

ಇಯತ್ತೆ ಐದನೆಯ ವಿದ್ಯಾರ್ಥಿನಿಯೊಬ್ಬಳು ಮಧ್ಯಾಹ್ನದ ವಿರಾಮದಲ್ಲಿ ಶಿಕ್ಷಕರ ಬಳಿಗೆ ಬಂದು, "ಗುರುಜಿ, ನೀವು ಈಗ ಯಾವ ಪುಸ್ತಕಾ ಓದಾಕತ್ತೀರಿ?" ಎಂದು ಕೇಳಿದಳೆಂದು ಭಾವಿಸೋಣ. ಪಾಠ್ಯಪುಸ್ತಕ, ಪರೀಕ್ಷೆಯ ಮಾರ್ಗದರ್ಶಿ, ದಿನಪತ್ರಿಕೆ ಮತ್ತು ಮೊಬೈಲಿಗೆ ಬರುವ ಸೂಚನೆಗಳನ್ನು ಬಿಟ್ಟರೆ, ಉತ್ತರವಾಗಿ ಹೇಳಬಹುದಾದ ಒಂದು ಪುಸ್ತಕದ ಹೆಸರು ನಮ್ಮಲ್ಲಿ ಎಷ್ಟು ಜನರ ನಾಲಿಗೆಗೆ ಕೂಡಲೇ ಬಂದೀತು?

ಜತ್ತ ತಾಲೂಕಿನಂಥ ಪ್ರದೇಶದಲ್ಲಿ ಈ ಪ್ರಶ್ನೆಗೆ ಹೆಚ್ಚಿನ ತೂಕವಿದೆ. ಇಲ್ಲಿಯ ಅನೇಕ ಹಳ್ಳಿಗಳಲ್ಲಿ ಮನೆಯ ಮಾತು ಕನ್ನಡ. ಆದರೆ ಬಸ್ಸಿನ ಫಲಕ, ಪಂಚಾಯತಿಯ ಕಾಗದಪತ್ರ, ಅಂಗಡಿಯ ಹೆಸರುಹಲಗೆ ಇವುಗಳಲ್ಲಿ ಮಗುವಿನ ಕಣ್ಣಿಗೆ ಬೀಳುವ ಅಕ್ಷರ ಬಹುಪಾಲು ಮರಾಠಿಯದು. ಅದು ಸಹಜವೂ ಹೌದು. ಆದ್ದರಿಂದ ಕನ್ನಡದಲ್ಲಿ ಅಚ್ಚಾದದ್ದನ್ನು ಸಂತೋಷಕ್ಕಾಗಿ ಓದುವ ಹಿರಿಯರೊಬ್ಬರನ್ನು ಮಗು ಕಾಣಬೇಕಾದರೆ, ಅಂಥವರು ಬಹುಶಃ ಶಾಲೆಯ ಶಿಕ್ಷಕರೊಬ್ಬರೇ ಆಗಿರುತ್ತಾರೆ. ಶಿಕ್ಷಕರು ಓದದಿದ್ದರೆ ಕನ್ನಡವೆಂದರೆ ಪಾಠ್ಯಪುಸ್ತಕ, ಪಾಠ್ಯಪುಸ್ತಕವೆಂದರೆ ಪರೀಕ್ಷೆ ಎಂಬ ತಿಳಿವಳಿಕೆಯೇ ಮಗುವಿನಲ್ಲಿ ಉಳಿಯುತ್ತದೆ. ಮಕ್ಕಳಿಗೆ ವಾಚನದ ಉಪಕ್ರಮಗಳನ್ನು ರೂಪಿಸುವ ಮೊದಲು ಶಿಕ್ಷಕರು ತಮಗಾಗಿ ಒಂದು ವಾಚನ ಸಂಕಲ್ಪವನ್ನು ಕೈಗೊಳ್ಳಬೇಕೆಂಬುದು ಈ ಲೇಖನದ ಆಶಯ.

ಎಣಿಕೆಯಲ್ಲ, ಬಗೆ

ವಾಚನ ಸಂಕಲ್ಪವೆಂದೊಡನೆ ವರ್ಷಕ್ಕೆ ಐವತ್ತು, ನೂರು ಪುಸ್ತಕಗಳೆಂಬ ಎಣಿಕೆ ನೆನಪಾಗುತ್ತದೆ. ಆದರೆ ಒಂದೇ ಬಗೆಯ ನೂರು ಕಾದಂಬರಿಗಳನ್ನು ಓದಿದವರಿಗಿಂತ ಹತ್ತು ಬೇರೆ ಬೇರೆ ಬಗೆಯ ಪುಸ್ತಕಗಳನ್ನು ಓದಿದ ಶಿಕ್ಷಕರು ವರ್ಗದಲ್ಲಿ ಹೆಚ್ಚು ಉಪಯುಕ್ತರಾಗುತ್ತಾರೆ. ವರ್ಗದಲ್ಲಿರುವ ಮೂವತ್ತು ಮಕ್ಕಳ ಅಭಿರುಚಿ ಒಂದೇ ಆಗಿರುವುದಿಲ್ಲ. ಒಬ್ಬನಿಗೆ ಕಥೆ ಬೇಕು, ಇನ್ನೊಬ್ಬಳಿಗೆ ಹಕ್ಕಿ-ಗಿಡಗಳ ಸಂಗತಿ ಬೇಕು, ಮತ್ತೊಬ್ಬನಿಗೆ ಹಾಡು ಬೇಕು. ಭಾರತದ ಗ್ರಂಥಾಲಯ ಶಾಸ್ತ್ರದ ಪಿತಾಮಹರೆನಿಸಿದ ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಪ್ರಕಟಿಸಿದ ಐದು ಸೂತ್ರಗಳಲ್ಲಿ, ಪ್ರತಿಯೊಬ್ಬ ಓದುಗನಿಗೂ ಅವನಿಗೆ ತಕ್ಕ ಪುಸ್ತಕ ದೊರೆಯಬೇಕು, ಪ್ರತಿಯೊಂದು ಪುಸ್ತಕಕ್ಕೂ ಅದರ ಓದುಗ ದೊರೆಯಬೇಕು ಎಂಬ ಆಶಯವಿದೆ. ಗ್ರಂಥಪಾಲಕರಿಲ್ಲದ ಹಳ್ಳಿಯ ಶಾಲೆಯಲ್ಲಿ ಈ ಜೋಡಣೆಯನ್ನು ಮಾಡಬೇಕಾದವರು ಶಿಕ್ಷಕರೇ. ತಾವು ಕಾಣದ ಬಗೆಯ ಪುಸ್ತಕವನ್ನು ಅವರು ಯಾರಿಗೂ ಸೂಚಿಸಲಾರರು.

ಜೂನ್‌ನಿಂದ ಮಾರ್ಚ್‌ವರೆಗೆ ಶಾಲಾ ವರ್ಷದಲ್ಲಿ ಹತ್ತು ತಿಂಗಳುಗಳು ದೊರೆಯುತ್ತವೆ. ತಿಂಗಳಿಗೆ ಒಂದು ಬಗೆಯಂತೆ ಹತ್ತು ಬಗೆಗಳನ್ನು ಆರಿಸಿಕೊಳ್ಳಬಹುದು. ದಿನಕ್ಕೆ ಹತ್ತು ಪುಟಗಳಂತೆ ತಿಂಗಳಲ್ಲಿ ಇಪ್ಪತ್ತು ದಿನ ಓದಿದರೂ ಇನ್ನೂರು ಪುಟಗಳ ಪುಸ್ತಕವೊಂದು ಮುಗಿಯುತ್ತದೆ. ಮುಂದೆ ಸೂಚಿಸಿದ ಪುಸ್ತಕಗಳು ಉದಾಹರಣೆಗಳು ಮಾತ್ರ. ಬಗೆಯನ್ನು ಉಳಿಸಿಕೊಂಡು ಪುಸ್ತಕವನ್ನು ಬದಲಿಸಲು ಅಡ್ಡಿಯಿಲ್ಲ.

ಹತ್ತು ಬಗೆಗಳು

1. ಮಕ್ಕಳ ಪುಸ್ತಕ. ವರ್ಷದ ಆರಂಭವು ಮಕ್ಕಳ ಪುಸ್ತಕದಿಂದಲೇ ಆಗಲಿ. ಜಪಾನಿನ ತೆತ್ಸುಕೊ ಕುರೊಯಾನಗಿ ಅವರ 'ತೊತ್ತೋಚಾನ್' 1981ರಲ್ಲಿ ಪ್ರಕಟವಾಗಿ ಮುಂದೆ ಕನ್ನಡಕ್ಕೂ ಬಂದಿದೆ. ರೈಲು ಡಬ್ಬಿಗಳನ್ನೇ ವರ್ಗಕೋಣೆಗಳನ್ನಾಗಿ ಮಾಡಿಕೊಂಡ ಶಾಲೆ, ಮಗುವಿನ ಮಾತನ್ನು ಗಂಟೆಗಟ್ಟಲೆ ತಾಳ್ಮೆಯಿಂದ ಕೇಳುವ ಮುಖ್ಯಾಧ್ಯಾಪಕರು ಇದರಲ್ಲಿದ್ದಾರೆ. ಜೂನ್ ತಿಂಗಳಲ್ಲಿ ಹೊಸ ಮಕ್ಕಳನ್ನು ಬರಮಾಡಿಕೊಳ್ಳುವ ಶಿಕ್ಷಕರಿಗೆ ಇದಕ್ಕಿಂತ ಒಳ್ಳೆಯ ಸಿದ್ಧತೆ ವಿರಳ.

2. ಜನಪದ ಸಾಹಿತ್ಯ. ನಮ್ಮ ಗಡಿಯಾಚೆ ವಿಜಯಪುರ ಜಿಲ್ಲೆಯಲ್ಲಿರುವ ಹಲಸಂಗಿಯ ಗೆಳೆಯರು ಹಳ್ಳಿಯ ಹೆಣ್ಣುಮಕ್ಕಳ ಬಾಯಿಂದ ತ್ರಿಪದಿಗಳನ್ನು ಸಂಗ್ರಹಿಸಿ 1931ರಲ್ಲಿ 'ಗರತಿಯ ಹಾಡು' ಪ್ರಕಟಿಸಿದರು. ಈ ಗೆಳೆಯರಲ್ಲಿ ಒಬ್ಬರಾದ ಸಿಂಪಿ ಲಿಂಗಣ್ಣನವರು ಚಡಚಣದವರು, ವೃತ್ತಿಯಿಂದ ಶಾಲಾ ಶಿಕ್ಷಕರು. ಮತ್ತೊಬ್ಬರಾದ ಮಧುರಚೆನ್ನರು ಮುಲ್ಕಿ ಪರೀಕ್ಷೆಯ ಬಳಿಕ ಸ್ವಂತ ಪ್ರಯತ್ನದಿಂದಲೇ ಇಂಗ್ಲಿಷ್ ಕಲಿತು ಓದನ್ನು ಬೆಳೆಸಿಕೊಂಡವರು. ಪದವಿಯಾಗಲಿ ನಗರದ ಗ್ರಂಥಾಲಯವಾಗಲಿ ಇಲ್ಲದ ಊರಿನಲ್ಲಿ ಕೆಲವರು ಗೆಳೆಯರು ಕೂಡಿ ಓದಿದರೆ ಏನಾಗಬಲ್ಲುದೆಂಬುದಕ್ಕೆ ನಮಗೆ ಅತಿ ಸಮೀಪದ ನಿದರ್ಶನವಿದು.

3. ಊರಿನ ಕಾದಂಬರಿ. ರಾವಬಹಾದ್ದೂರರ 'ಗ್ರಾಮಾಯಣ' 1957ರಲ್ಲಿ ಪ್ರಕಟವಾಯಿತು. ಪಾದಳ್ಳಿಯೆಂಬ ಉತ್ತರ ಕರ್ನಾಟಕದ ಹಳ್ಳಿಯೇ ಅಲ್ಲಿ ಕಥಾನಾಯಕ. ಶೇಡಬಾಳದ ಮಿರ್ಜಿ ಅಣ್ಣಾರಾಯರ 'ನಿಸರ್ಗ' ಇನ್ನೊಂದು ಉದಾಹರಣೆ. ನಾವು ಮನೆಯಲ್ಲಾಡುವ ಮಾತಿಗೆ ಹತ್ತಿರದ ಕನ್ನಡವು ಪುಸ್ತಕದಲ್ಲಿಯೂ ಗೌರವದಿಂದ ನಿಲ್ಲಬಲ್ಲದೆಂಬ ಅರಿವು ಇಂಥ ಕೃತಿಗಳಿಂದ ಉಂಟಾಗುತ್ತದೆ.

4. ಮರಾಠಿಯ ಮೂಲ ಕೃತಿ. ಈ ಬಗೆಯನ್ನು ಯಾರೂ ಬಿಡಬಾರದು. ವ್ಯಂಕಟೇಶ ಮಾಡಗೂಳಕರರು ಇದೇ ಸಾಂಗಲಿ ಜಿಲ್ಲೆಯ ಆಟಪಾಡಿ ತಾಲೂಕಿನ ಮಾಡಗುಳೆಯವರು. 1955ರಲ್ಲಿ ಪ್ರಕಟವಾದ ಅವರ 'ಬನಗರವಾಡಿ'ಯ ನಿರೂಪಕನು ಕುರುಬರ ವಾಡಿಯ ಶಾಲೆಗೆ ನೇಮಕಗೊಂಡು ನಡೆದುಬರುವ ತರುಣ ಶಿಕ್ಷಕ. ಮಕ್ಕಳು ಕುರಿ ಕಾಯಲು ಹೋಗಿರುವುದರಿಂದ ಶಾಲೆ ಬರಿದಾಗಿರುತ್ತದೆ. ಆತನು ಹಿರಿಯರ ವಿಶ್ವಾಸವನ್ನು ಗಳಿಸುತ್ತಾನೆ, ಊರವರೊಡನೆ ಕೂಡಿ ತಾಲೀಮು ಮನೆಯನ್ನು ಕಟ್ಟಿಸುತ್ತಾನೆ. ಕಡೆಗೆ ಬರಗಾಲ ಬಂದು ಊರೇ ಚದುರಿಹೋಗುತ್ತದೆ. ಮಳೆಯಿಲ್ಲದ ವರ್ಷ ಪಟ್ಟಿಯಲ್ಲಿ ಹೆಸರಿದ್ದೂ ವರ್ಗದಲ್ಲಿ ಮಗುವಿಲ್ಲದ ನೋವನ್ನು ಬಲ್ಲ ಜತ್ತದ ಶಿಕ್ಷಕರಿಗೆ ಈ ಕಥೆ ದೂರದ್ದೆನಿಸದು.

5. ಅನುವಾದ. ಎರಡು ಭಾಷೆಗಳ ನಡುವೆ ಬದುಕುವ ನಮಗೆ ಅನುವಾದವು ನಿತ್ಯದ ಕೆಲಸ. ಸಾಂಗಲಿಯಲ್ಲಿ ಜನಿಸಿ, ಶಿರೋಡೆಯ ಶಾಲೆಯಲ್ಲಿ ಶಿಕ್ಷಕರಾಗಿದ್ದು, 'ಯಯಾತಿ'ಯಿಂದ ಜ್ಞಾನಪೀಠ ಪಡೆದ ವಿ. ಸ. ಖಾಂಡೇಕರರ ಹಲವು ಕೃತಿಗಳನ್ನು ವಿ. ಎಂ. ಇನಾಂದಾರರು ಕನ್ನಡಕ್ಕೆ ತಂದರು. ಕನ್ನಡದ ಅನೇಕ ಕಾದಂಬರಿಗಳನ್ನು ಉಮಾ ಕುಲಕರ್ಣಿಯವರು ಮರಾಠಿಗೆ ಒಯ್ದರು. ಮೂಲದ ಒಂದು ಪುಟವನ್ನೂ ಅನುವಾದದ ಅದೇ ಪುಟವನ್ನೂ ಅಕ್ಕಪಕ್ಕದಲ್ಲಿಟ್ಟು ಓದಿದರೆ ಎರಡೂ ಭಾಷೆಗಳ ಜಾಯಮಾನ ಸ್ಪಷ್ಟವಾಗುತ್ತದೆ.

6. ಆತ್ಮಕಥೆ. ಶಿವರಾಮ ಕಾರಂತರ 'ಹುಚ್ಚು ಮನಸ್ಸಿನ ಹತ್ತು ಮುಖಗಳು', ಸಿದ್ಧಲಿಂಗಯ್ಯನವರ 'ಊರು ಕೇರಿ', ಮರಾಠಿಯಲ್ಲಿ 1978ರಲ್ಲಿ ಬಂದ ದಯಾ ಪವಾರರ 'ಬಲುತ' ಇವುಗಳಲ್ಲಿ ಒಂದನ್ನು ಆರಿಸಬಹುದು. ಕೊನೆಯ ಸಾಲಿನಲ್ಲಿ ಸುಮ್ಮನೆ ಕುಳಿತ ಮಗುವಿನ ಮನಸ್ಸನ್ನು ತಿಳಿಯಲು, ಒಮ್ಮೆ ಅಂಥದೇ ಸ್ಥಳದಲ್ಲಿ ಕುಳಿತವರು ಬರೆದುದನ್ನು ಓದಬೇಕು.

7. ವಿಜ್ಞಾನ ಮತ್ತು ಪರಿಸರ. ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಬಿ. ಜಿ. ಎಲ್. ಸ್ವಾಮಿಯವರ 'ಹಸುರು ಹೊನ್ನು' ವಿದ್ಯಾರ್ಥಿಗಳೊಡನೆ ಕಾಡು ಸುತ್ತಿದ ಅನುಭವದ ಕಥನ. ಅದಕ್ಕೆ 1978ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ವಿಜ್ಞಾನದ ಪಾಠವನ್ನು ನಗುನಗುತ್ತ ಹೇಳಬಹುದೆಂಬುದನ್ನು ಇದು ತೋರಿಸುತ್ತದೆ. ಪೂರ್ಣಚಂದ್ರ ತೇಜಸ್ವಿಯವರ 'ಪರಿಸರದ ಕತೆ'ಯೂ ಇಲ್ಲಿ ಸಲ್ಲುತ್ತದೆ.

8. ಕಾವ್ಯ ಮತ್ತು ವಚನ. ವಿಜಯಪುರದಲ್ಲಿ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು ತಾಳೆಗರಿಯ ಪ್ರತಿಗಳನ್ನು ಹುಡುಕಿ ತಂದು 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗವನ್ನು ಪ್ರಕಟಿಸಿದರು. ನಮ್ಮ ತಾಲೂಕಿನ ಗುಡ್ಡಾಪುರದ ದಾನಮ್ಮದೇವಿಯನ್ನು ಪರಂಪರೆಯು ಹನ್ನೆರಡನೆಯ ಶತಮಾನದ ಶರಣೆಯೆಂದು ನೆನೆಯುತ್ತದೆ. ಆ ಕಾಲದ ಮಾತು ಹೇಗಿತ್ತೆಂಬುದನ್ನು ವಚನಗಳಲ್ಲಿ ಕೇಳಬಹುದು. ಹೊಸ ಕಾವ್ಯ ಬೇಕಾದವರು ಬೇಂದ್ರೆಯವರನ್ನು ಓದಲಿ. ಮನೆಯಲ್ಲಿ ಮರಾಠಿಯಾಡುತ್ತ ಕನ್ನಡದ ವರಕವಿಯಾದ ಅವರು ಸೊಲ್ಲಾಪುರದ ಕಾಲೇಜಿನಲ್ಲಿ ಹಲವು ವರ್ಷ ಅಧ್ಯಾಪಕರಾಗಿದ್ದರು.

9. ನಾಟಕ. ಮಹಾರಾಷ್ಟ್ರದ ಮಾಥೇರಾನದಲ್ಲಿ ಜನಿಸಿದ ಗಿರೀಶ ಕಾರ್ನಾಡರ 'ತುಘಲಕ್' 1964ರದು. ನಾಟಕವನ್ನು ಗಟ್ಟಿಯಾಗಿ ಓದಬೇಕು. ಹಾಗೆ ಓದಿದವರ ಪಾಠವಾಚನವೂ ತಾನಾಗಿಯೇ ಸುಧಾರಿಸುತ್ತದೆ.

10. ಇನ್ನೊಂದು ಗಡಿಯ ಕನ್ನಡ. ಕಾಸರಗೋಡಿನಲ್ಲಿ ಜನಿಸಿದ ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ' ಕಾದಂಬರಿಯು ನಮ್ಮ ಕಿವಿಗೆ ಹೊಸದಾದ ಪರಿಸರವನ್ನೂ, ಒಬ್ಬ ಹೆಣ್ಣುಮಗಳ ಸಂಕಟವನ್ನೂ ಪರಿಚಯಿಸುತ್ತದೆ. ಕೇರಳದಲ್ಲಿಯೂ ನಮ್ಮಂತೆಯೇ ಕನ್ನಡ ಮಾಧ್ಯಮದ ಶಾಲೆಗಳಿವೆಯೆಂಬುದನ್ನು ಮಕ್ಕಳಿಗೆ ತಿಳಿಸಲು ಇದು ಒಳ್ಳೆಯ ನೆಪ.

ಪುಸ್ತಕ ದೊರಕಿಸುವ ಬಗೆ

ಪುಸ್ತಕ ಸಿಗುವುದಿಲ್ಲವೆಂಬುದು ನಿಜವಾದ ಅಡಚಣೆ. ಮೊದಲು ಶಾಲೆಯ ಕಪಾಟನ್ನು ತೆರೆದು, ಅದರಲ್ಲಿರುವ ಕನ್ನಡ ಪುಸ್ತಕಗಳ ಪಟ್ಟಿಯನ್ನು ಬಗೆಗನುಸಾರವಾಗಿ ಮಾಡಬೇಕು. ಬೀಗದೊಳಗಿನ ಪುಸ್ತಕ ಕಳೆಯುವುದಿಲ್ಲ, ಆದರೆ ಓದಿಸಿಕೊಳ್ಳುವುದೂ ಇಲ್ಲ. ಮರಾಠಿ ಕೃತಿಗಳಿಗೆ ಊರಿನ ಅಥವಾ ತಾಲೂಕಿನ ವಾಚನಾಲಯವಿದೆ. ಕನ್ನಡ ಪುಸ್ತಕಗಳನ್ನು ವಿಜಯಪುರ, ಅಥಣಿಗಳಿಗೆ ಹೋದಾಗ ತರಬಹುದು. ಕನ್ನಡ ಪುಸ್ತಕ ಪ್ರಾಧಿಕಾರವು ಸುಲಭ ಬೆಲೆಯ ಪ್ರಕಟಣೆಗಳನ್ನು ಹೊರತಂದಿದೆ. ಕರ್ನಾಟಕದ ಡಿಜಿಟಲ್ ಸಾರ್ವಜನಿಕ ಗ್ರಂಥಾಲಯದಲ್ಲಿ ಮೊಬೈಲಿನಲ್ಲಿಯೇ ಓದುವ ಸೌಲಭ್ಯವಿದೆ.

ಎಲ್ಲಕ್ಕಿಂತ ಸುಲಭವಾದುದು ಪರಸ್ಪರ ವಿನಿಮಯ. ಒಂದು ಕೇಂದ್ರದ ಐವರು ಶಿಕ್ಷಕರು ತಲಾ ಎರಡು ಪುಸ್ತಕಗಳನ್ನು ಕೊಂಡರೆ ಹತ್ತು ಬಗೆಗಳೂ ಸಿದ್ಧವಾಗುತ್ತವೆ. ತಿಂಗಳ ಶಿಕ್ಷಣ ಪರಿಷತ್ತಿಗೆ ಬರುವಾಗ ಓದಿ ಮುಗಿಸಿದ ಪುಸ್ತಕವನ್ನು ತಂದು ಬದಲಿಸಿಕೊಂಡರೆ ವರ್ಷವಿಡೀ ಓದು ಸಾಗುತ್ತದೆ.

ವಾಚನದ ವಹಿ

ಓದಿದುದು ಮರೆಯದಿರಲು ಇನ್ನೂರು ಪುಟದ ಸಾಮಾನ್ಯ ವಹಿಯೊಂದು ಸಾಕು. ಪ್ರತಿ ಪುಸ್ತಕಕ್ಕೆ ಒಂದು ಪುಟವನ್ನು ಮೀಸಲಿಟ್ಟು ನಾಲ್ಕು ಸಂಗತಿಗಳನ್ನು ಬರೆಯಬೇಕು:

ಅ) ಪುಸ್ತಕದ ಹೆಸರು, ಬಗೆ, ಆರಂಭಿಸಿದ ಮತ್ತು ಮುಗಿಸಿದ ದಿನಾಂಕ.
ಆ) ಹೊಸದಾಗಿ ದೊರೆತ ಐದು ಶಬ್ದಗಳು, ಸಾಧ್ಯವಿದ್ದಲ್ಲಿ ಅವುಗಳ ಮರಾಠಿ ಸಮಾನ ಶಬ್ದಗಳು.
ಇ) ವರ್ಗದಲ್ಲಿ ಓದಿ ಹೇಳಬಹುದಾದ ಒಂದು ಭಾಗದ ಪುಟಸಂಖ್ಯೆ.
ಈ) ಒಪ್ಪಿಗೆಯಾಗದ ಅಥವಾ ಅರ್ಥವಾಗದ ಒಂದು ಮಾತು.

ನಾಲ್ಕನೆಯದನ್ನು ಬಿಡಬಾರದು. ತಮಗೂ ಕೆಲವು ಮಾತುಗಳು ಅರ್ಥವಾಗುವುದಿಲ್ಲವೆಂದು ಬರೆದಿಡುವ ಶಿಕ್ಷಕರು ಮಗುವಿನ ತಪ್ಪಿಗೆ ಬೇಗನೆ ಸಿಡುಕುವುದಿಲ್ಲ.

ವರ್ಗದಲ್ಲಿ ಉಪಯೋಗ

ಒಂದು ಉದಾಹರಣೆಯನ್ನು ನೋಡೋಣ. 'ಗರತಿಯ ಹಾಡು' ಓದಿದ ಶಿಕ್ಷಕರು, ಬೀಸುಕಲ್ಲಿನ ಮುಂದೆ ಕುಳಿತು ಅಜ್ಜಿಯಂದಿರು ಹಾಡುತ್ತಿದ್ದ ಹಾಡುಗಳನ್ನು ಕೇಳಿ ಬರೆದುಕೊಂಡು ಬರಲು ಮಕ್ಕಳಿಗೆ ಹೇಳಬಹುದು. ಕೆಲವರು ಕನ್ನಡದ ತ್ರಿಪದಿಗಳನ್ನು ತಂದಾರು, ಕೆಲವರು ಮರಾಠಿಯ ಓವಿಗಳನ್ನು ತಂದಾರು. ಎರಡನ್ನೂ ಫಲಕದ ಮೇಲೆ ಅಕ್ಕಪಕ್ಕದಲ್ಲಿ ಬರೆದಾಗ, ತವರು, ಅಣ್ಣ, ತೊಟ್ಟಿಲು, ಪಂಢರಪುರದ ವಿಠ್ಠಲ ಮೊದಲಾದ ಸಂಗತಿಗಳು ಯಾವ ಯಾವ ಹಾಡಿನಲ್ಲಿ ಬಂದಿವೆಯೆಂದು ಮಕ್ಕಳೇ ಗುರುತಿಸುತ್ತಾರೆ. ಅಕ್ಷರ ಬಾರದ ಅಜ್ಜಿಯೂ ಆ ದಿನ ಶಾಲೆಯ ಪಾಠಕ್ಕೆ ಕೈಗೂಡಿಸಿದಂತಾಗುತ್ತದೆ. ಶಿಕ್ಷಕರು ಆ ಪುಸ್ತಕವನ್ನು ಓದಿರದಿದ್ದರೆ ಈ ಪಾಠವು ಹೊಳೆಯುತ್ತಿರಲಿಲ್ಲ.

ಡಾ. ಎ. ಪಿ. ಜೆ. ಅಬ್ದುಲ್ ಕಲಾಂ ಅವರ ಜನ್ಮದಿನವಾದ ಅಕ್ಟೋಬರ್ 15ನ್ನು ನಮ್ಮ ರಾಜ್ಯದಲ್ಲಿ ವಾಚನ ಪ್ರೇರಣಾ ದಿನವೆಂದು ಆಚರಿಸುತ್ತೇವೆ. ಅಂದು ಮಕ್ಕಳಿಂದ ಓದಿಸುವುದರ ಜೊತೆಗೆ, ಜೂನ್‌ನಿಂದ ತಾವು ಓದಿದ ಪುಸ್ತಕಗಳನ್ನು ಶಿಕ್ಷಕರು ಮೇಜಿನ ಮೇಲಿಟ್ಟು ಒಂದೊಂದರ ಕುರಿತು ಎರಡು ನಿಮಿಷ ಮಾತನಾಡಲಿ. ಮೆಚ್ಚಿಗೆಯಾಗದ ಪುಸ್ತಕ ಯಾವುದು, ಏಕೆ ಎಂಬುದನ್ನೂ ಹೇಳಲಿ. ಓದುಗನಿಗೆ ಸ್ವಂತ ಅಭಿಪ್ರಾಯವಿರಬಹುದೆಂದು ಮಕ್ಕಳು ಆಗ ತಿಳಿಯುತ್ತಾರೆ.

ಎಚ್ಚರಿಕೆಯ ಮಾತುಗಳು

ಸಂಕಲ್ಪವು ಹೊರೆಯಾಗಬಾರದು. ಚುನಾವಣೆಯ ಕರ್ತವ್ಯ, ಸಮೀಕ್ಷೆ, ಮನೆಯ ಅನಾರೋಗ್ಯ ಇವುಗಳಿಂದ ಒಂದು ತಿಂಗಳು ತಪ್ಪಿಹೋದರೆ ಮುಂದಿನ ತಿಂಗಳು ಎರಡನ್ನು ಓದುವ ಹಟ ಬೇಡ. ತಪ್ಪಿದ ಬಗೆಯನ್ನು ಮೇ ತಿಂಗಳ ರಜೆಗೆ ಇರಿಸಿಕೊಳ್ಳಬಹುದು. ಫ್ರಾನ್ಸಿನ ಶಿಕ್ಷಕರೂ ಲೇಖಕರೂ ಆದ ದನಿಯೆಲ್ ಪೆನ್ನಾಕ್ ಅವರು 1992ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಓದುಗನ ಹತ್ತು ಹಕ್ಕುಗಳನ್ನು ಹೇಳಿದ್ದಾರೆ. ಪುಟಗಳನ್ನು ಹಾರಿಸುವುದೂ ಪುಸ್ತಕವನ್ನು ಅರ್ಧಕ್ಕೆ ಬಿಡುವುದೂ ಅವುಗಳಲ್ಲಿ ಸೇರಿವೆ. ಐವತ್ತು ಪುಟ ಓದಿದರೂ ಮನಸ್ಸು ಹತ್ತದಿದ್ದರೆ ಅದೇ ಬಗೆಯ ಇನ್ನೊಂದು ಪುಸ್ತಕವನ್ನು ಕೈಗೆತ್ತಿಕೊಳ್ಳಬೇಕು. ಆದರೆ ಬಗೆಯನ್ನೇ ಬಿಡಬಾರದು. ನಮಗೆ ಒಗ್ಗದೆಂದು ತಿಳಿದಿರುವ ಬಗೆಯಲ್ಲಿಯೇ ನಮ್ಮ ಯಾವನೋ ವಿದ್ಯಾರ್ಥಿಗೆ ಬೇಕಾದ ಪುಸ್ತಕವಿರಬಹುದು.

ಇದನ್ನು ಸ್ಪರ್ಧೆಯಾಗಿಯೂ ಮಾಡಬಾರದು. ವಹಿಯು ತಪಾಸಣೆಗಾಗಿ ಅಲ್ಲ. ಯಾರು ಎಷ್ಟು ಓದಿದರೆಂಬ ಪಟ್ಟಿಯನ್ನು ಗೋಡೆಗೆ ಹಚ್ಚಿದ ದಿನ ಓದು ನಿಂತು ಲೆಕ್ಕ ಮೊದಲಾಗುತ್ತದೆ.

ಸಮಾರೋಪ

ಶಿಕ್ಷಕ ಬಂಧುಗಳೇ, ಹತ್ತು ಪುಸ್ತಕಗಳಿಂದ ಯಾರೂ ವಿದ್ವಾಂಸರಾಗುವುದಿಲ್ಲ. ಆದರೆ ಮುಂದಿನ ಮಾರ್ಚ್ ತಿಂಗಳಲ್ಲಿ ಆ ವಿದ್ಯಾರ್ಥಿನಿಯು ಮತ್ತೆ ಬಂದು ಯಾವ ಪುಸ್ತಕ ಓದುತ್ತಿರುವಿರೆಂದು ಕೇಳಿದಾಗ, ಚೀಲದಿಂದ ಪುಸ್ತಕವನ್ನು ತೆಗೆದು ಆಕೆಯ ಕೈಗೆ ಕೊಟ್ಟು, ಒಂದು ಪುಟವನ್ನು ಓದಿ ತೋರಿಸಲು ಸಾಧ್ಯವಾಗುತ್ತದೆ. ಆಕೆ ಮುಂದೆ ಮರಾಠಿಯಲ್ಲಿಯೋ ಇಂಗ್ಲಿಷಿನಲ್ಲಿಯೋ ಉಚ್ಚ ಶಿಕ್ಷಣ ಪಡೆಯಬಹುದು. ಆದರೂ ತನ್ನ ಮನೆಯ ಮಾತಿನಲ್ಲಿ ಓದತಕ್ಕ ಪುಸ್ತಕಗಳಿವೆ, ಅವುಗಳನ್ನು ತನ್ನ ಗುರುಗಳು ಓದುತ್ತಿದ್ದರು ಎಂಬ ನೆನಪು ಆಕೆಯೊಂದಿಗೆ ಉಳಿಯುತ್ತದೆ. ಬರುವ ಜೂನ್ ತಿಂಗಳ ಮೊದಲ ಪುಸ್ತಕವನ್ನು ಈ ವಾರವೇ ಆರಿಸಿಡಿರಿ.