ಗಬ್ಬದ ಹಂದಿಗಳಲ್ಲಿ ಪಂಕ್ತಿಭೇದ

ಒಂದೇ ಸಾಲಿನಲ್ಲಿ ಉಣಕುಳಿತವರೊಳಗೆ ಮೇಲು ಕೀಳೆಣಿಸಿ ಬಡಿಸುವುದಕ್ಕೆ ಪಂಕ್ತಿಭೇದವೆಂದು ಹೆಸರು. ಮನುಷ್ಯರಲ್ಲಿ ಈ ಭೇದವನ್ನು ಬಡಿಸುವವನು ಮಾಡುತ್ತಾನೆ. ಹಂದಿಗಳಲ್ಲಿಯಾದರೋ ಉಣ್ಣುವವುಗಳೇ ಮಾಡಿಕೊಳ್ಳುತ್ತವೆ. ಹಳಗನ್ನಡದಲ್ಲಿ ‘ಪಂದಿ’ಯೆನಿಸಿ, ಕೊಡವ ನುಡಿಯಲ್ಲಿ ಇಂದಿಗೂ ಅದೇ ರೂಪದಲ್ಲುಳಿದು, ತುಳುವಿನಲ್ಲಿ ‘ಪಂಜಿ’ಯಾಗಿರುವ ಈ ಪ್ರಾಣಿಯು ಸ್ವಭಾವತಃ ಗುಂಪಿನಲ್ಲಿ ಬಾಳತಕ್ಕದ್ದು.

ಪರಿಚಯವಿಲ್ಲದ ಗಬ್ಬದ ಹಂದಿಗಳನ್ನು ಒಂದು ಕೊಟ್ಟಿಗೆಯಲ್ಲಿ ಕೂಡಿಸಿದೊಡನೆ ಕಾದಾಟ ಮೊದಲಾಗುತ್ತದೆ. ಕೆಲವು ದಿನಗಳೊಳಗೆ ಅದು ಬಹುಮಟ್ಟಿಗೆ ಅಡಗಿ, ಅಂತಸ್ತಿನ ಒಂದು ಕ್ರಮವು ನೆಲೆಗೊಳ್ಳುತ್ತದೆ. ಸಾಮಾನ್ಯವಾಗಿ ಹೆಚ್ಚು ತೂಕವುಳ್ಳ, ಹೆಚ್ಚು ಸೂಲು ಕಂಡ ಹಂದಿಗಳು ಮೇಲೆ ನಿಲ್ಲುತ್ತವೆ; ಚೊಚ್ಚಲಿನವು ಕೆಳಗುಳಿಯುತ್ತವೆ. ಕೋಳಿಗಳಲ್ಲಿ ಇಂಥ ಕ್ರಮವುಂಟೆಂಬುದನ್ನು ನಾರ್ವೆಯ ಶೆಲ್ಡರಪ್-ಎಬ್ಬೆಯವರು 1922ರಲ್ಲಿ ವಿವರಿಸಿದ್ದರು. ತನ್ನ ಸ್ಥಾನವನ್ನರಿತ ಪ್ರಾಣಿಯು ಬಲಿಷ್ಠವಾದುದರೆದುರು ಸರಿದು ನಿಲ್ಲುವುದರಿಂದ, ಈ ಕ್ರಮವು ಕಲಹವನ್ನು ತಗ್ಗಿಸುತ್ತದೆಯೆಂದೇ ಹೇಳಬೇಕು.

ಹಾಗಾದರೆ ಕೇಡೆಲ್ಲಿ? ಮೇವನ್ನು ಹಂಚುವ ಬಗೆಯಲ್ಲಿ. ಹಂದಿಯ ಗಬ್ಬದ ಅವಧಿಯು ಸುಮಾರು 114 ದಿನ. ಕೊಬ್ಬು ಮಿತಿಮೀರದಂತೆ ಈ ಕಾಲದಲ್ಲಿ ದಿನಕ್ಕೆ ಎರಡರಿಂದ ಮೂರು ಕಿಲೋಗ್ರಾಂನಷ್ಟು ಕಾಳುಹಿಟ್ಟಿನ ಮೇವನ್ನು ಅಳೆದು ಕೊಡುವುದು ವಾಡಿಕೆ. ಅದು ಬೇಗನೆ ಮುಗಿಯುತ್ತದೆ, ಹಸಿವು ಉಳಿಯುತ್ತದೆ. ಕಲಬುರಗಿಯಿಂದ ಕಮಲಾಪುರಕ್ಕೆ ಹೋಗುವ ದಾರಿಯ ಮಹಾಗಾಂವದಂಥ ಊರಿನ ಬಯಲಲ್ಲಿ ಅಲೆದು ಮೇಯುವ ಹಂದಿಗೆ ಆಹಾರವು ಚದರಿ ದೊರೆಯುವುದರಿಂದ, ಸೋತದ್ದು ಬೇರೆಡೆಗೆ ಸರಿದು ತಿನ್ನಬಲ್ಲದು. ಕೊಟ್ಟಿಗೆಯ ಒಂದೇ ಬಾನಿಗೆ ಮೇವು ಸುರಿದಲ್ಲಿ ಆ ದಾರಿಯಿಲ್ಲ. ಬಲಿಷ್ಠವಾದುದು ತನ್ನ ಪಾಲನ್ನು ಮುಗಿಸಿ ನೆರೆಯದರ ಪಾಲಿಗೂ ಬಾಯಿಡುತ್ತದೆ; ಕೆಳಗಿನದು ಸೊರಗುತ್ತದೆ; ಅದರ ಕೊರತೆಯು ಒಡಲಿನ ಮರಿಗಳಿಗೂ ತಟ್ಟಬಹುದು. ಒಟ್ಟು ಮೇವಿನ ಲೆಕ್ಕವು ಸರಿಯಾಗಿಯೇ ಕಾಣುವುದರಿಂದ ಈ ನಷ್ಟವು ಸಾಕುವವನ ಕಣ್ಣಿಗೆ ಬೀಳದು.

ಒಂದೊಂದನ್ನೂ ಇಕ್ಕಟ್ಟಿನ ಕಟಕಟೆಯಲ್ಲಿಟ್ಟರೆ ಪಾಲು ಸಮನಾಗುವುದೇನೋ ನಿಜ. ಆದರೆ ಪ್ರಾಣಿಯು ತಿರುಗಲೂ ಆಗದು. ಆದಕಾರಣ ಯುರೋಪಿಯನ್ ಒಕ್ಕೂಟವು 2013ರ ಜನವರಿ 1ರಿಂದ, ಗಬ್ಬವಾದ ನಾಲ್ಕು ವಾರಗಳ ತರುವಾಯ ಹೆರಿಗೆಗೆ ಒಂದು ವಾರ ಉಳಿಯುವವರೆಗೆ ಹಂದಿಗಳನ್ನು ಗುಂಪಿನಲ್ಲಿಯೇ ಇಡಬೇಕೆಂದು ವಿಧಿಸಿತು. ಕಿವಿಯ ಗುರುತನ್ನು ಓದಿ ಪಾಲು ನೀಡುವ ಯಂತ್ರಗಳು ಬಳಕೆಗೆ ಬಂದಿವೆ. ಅಲ್ಲಿಯೂ ಮೇಲಿನವು ಮೊದಲು, ಕೆಳಗಿನವು ಕಡೆಗೆ ಪ್ರವೇಶಿಸುತ್ತವೆ. ಆದರೆ ತಡವಾಗಿ ಬಂದುದಕ್ಕೂ ಅದರ ಪಾಲು ಕಾದಿರುತ್ತದೆ.

ಯಂತ್ರವಿಲ್ಲದೆಡೆ ಊಟದ ಹೊತ್ತಿಗೆ ಮಾತ್ರ ಅಡ್ಡಗಟ್ಟುವ ಗೂಡುಗಳೂ, ಚೊಚ್ಚಲಿನವುಗಳ ಬೇರೆ ಗುಂಪೂ, ನಾರುಳ್ಳ ಮೇವೂ ನೆರವಾಗುತ್ತವೆ. ಮಹಾಗಾಂವವಿರುವ ತೊಗರಿಯ ಸೀಮೆಯಲ್ಲಿ ಬೇಳೆ ಒಡೆದು ಉಳಿದ ಹೊಟ್ಟನ್ನು ಹದವರಿತು ಬೆರೆಸಿದರೆ ಆ ನಾರು ದೊರೆತೀತು. ಅಂತಸ್ತನ್ನು ಹಂದಿಗಳಿಂದ ಕಳೆಯಲಾಗದು. ಅದು ಹಸಿವಾಗದಂತೆ ನೋಡಿಕೊಳ್ಳುವುದು ಸಾಕುವವನ ಹೊಣೆ.