ಗೊಟಗೋಡಿಯಲ್ಲಿ ಉಳಿದ ಊರು

ವಾಡೆಯೊಳಗೆ ಬೀಸುಕಲ್ಲಿನ ಮುಂದೆ ಕುಳಿತ ಹೆಣ್ಣುಮಗಳ ಶಿಲ್ಪದೆದುರು ಬ್ಯಾಡಗಿ ಕಡೆಯ ಅಜ್ಜಿಯೊಬ್ಬರು ಬಹಳ ಹೊತ್ತು ನಿಂತಿದ್ದರು. ಮೊಮ್ಮಗಳು ಸೆರಗು ಜಗ್ಗಿ, ‘ಅಮ್ಮಾ, ಆಕಿ ಏನ್ ಮಾಡಾಕತ್ತಾಳ?’ ಎಂದಳು. ‘ಜ್ವಾಳಾ ಬೀಸಾಕತ್ತಾಳವಾ. ಆವಾಗ ಗಿರಣಿ ಎಲ್ಲಿದ್ವು? ಕೋಳಿ ಕೂಗೂದಕ್ಕ ಎದ್ದು ಕೂಡತಿದ್ವಿ’ ಎಂದ ಅಜ್ಜಿ, ಬರಿಗಾಳಿಯಲ್ಲೇ ಗೂಟ ಹಿಡಿದು ತಿರುಗಿಸಿ ತೋರಿಸಿದರು. ಬಲಗೈ ಸುತ್ತುತ್ತಿತ್ತು, ಎಡಗೈ ಕಲ್ಲಿನ ಬಾಯಿಗೆ ಹಿಡಿ ಜೋಳ ಬಿಡುತ್ತಿತ್ತು. ಮೈ ಆ ಲಯವನ್ನು ಮರೆತಿರಲಿಲ್ಲ. ಮೊಮ್ಮಗಳು ಶಿಲ್ಪವನ್ನು ಬಿಟ್ಟು ಅಜ್ಜಿಯನ್ನೇ ನೋಡುತ್ತ ನಿಂತಳು.

ಇದು ಹಾವೇರಿ ಜಿಲ್ಲೆಯ ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯ ಉತ್ಸವ ರಾಕ್ ಗಾರ್ಡನ್. ನಮ್ಮ ಮಂದಿ ಇಂದಿಗೂ ಪಿ.ಬಿ. ರೋಡ್ ಎನ್ನುವ ಪುಣೆ–ಬೆಂಗಳೂರು ಹೆದ್ದಾರಿಯ ಪಕ್ಕದಲ್ಲಿದೆ. ಹೆಸರು ಕೇಳಿದರೆ ಚಂಡೀಗಡದಲ್ಲಿ ನೇಕ್ ಚಂದ್ ಕಟ್ಟಿದ, 1976ರಲ್ಲಿ ಸಾರ್ವಜನಿಕರಿಗೆ ತೆರೆದ ರಾಕ್ ಗಾರ್ಡನ್ ನೆನಪಾಗುತ್ತದೆ. ಅಲ್ಲಿ ಒಡೆದ ಬಳೆ, ಪಿಂಗಾಣಿ ಚೂರುಗಳಿಂದ ಕಲ್ಪನೆಯ ಲೋಕವೊಂದು ಎದ್ದಿತು. ಗೊಟಗೋಡಿಯಲ್ಲಿ ಎದ್ದಿರುವುದು ಉತ್ತರ ಕರ್ನಾಟಕದ ಒಂದು ಊರು, ಆಳೆತ್ತರದ ಅದರ ಜನರ ಸಮೇತ.

ಇದರ ಹಿಂದಿನ ಕಣ್ಣು ಕಲಾವಿದ ಡಾ. ಟಿ.ಬಿ. ಸೊಲಬಕ್ಕನವರ ಅವರದು. ಚಿತ್ರಕಲೆ, ಶಿಲ್ಪದ ಜೊತೆಗೆ ದೊಡ್ಡಾಟವನ್ನೂ ಅವರು ಅಷ್ಟೇ ಹಚ್ಚಿಕೊಂಡಿದ್ದರು. ದೊಡ್ಡಾಟದಲ್ಲಿ ಪಾತ್ರಧಾರಿ ಮಾತಾಡುವ ಮೊದಲೇ ಅವನ ನಿಲುವು ಮಾತಾಡುತ್ತದೆ. ಇಲ್ಲಿಯ ಶಿಲ್ಪಗಳಿಗೂ ಆ ಗುಣವಿದೆ. ಕಮ್ಮಾರ ಸುತ್ತಿಗೆ ಎತ್ತಿದ ರೀತಿಯಲ್ಲಿ ತೋಳಿನ ನರ ಬಿಗಿದಿದೆ. ಕಟ್ಟೆಯ ಮೇಲಿನ ಹಿರಿಯನ ಬೆನ್ನು ಬಾಗಿದ ಪರಿಯಲ್ಲೇ ವಯಸ್ಸು ತಿಳಿಯುತ್ತದೆ. ಸೊಲಬಕ್ಕನವರ 2020ರ ನವೆಂಬರ್‌ನಲ್ಲಿ ತೀರಿಕೊಂಡರು. ಅವರು ಕಂಡ ಊರು ಗೊಟಗೋಡಿಯಲ್ಲಿ ಉಳಿದಿದೆ.

ಶಿಲ್ಪಗಳು ಸಾವಿರಕ್ಕೂ ಹೆಚ್ಚು. ತುಂಬು ಸಂಸಾರದ ವಾಡೆ, ಕುಂಬಾರ, ಕಮ್ಮಾರ, ಬಡಿಗ, ಕುರಿ ಕಾಯುವವರು, ಕನ್ನಡಿ ಹೊಲಿದ ಉಡುಪಿನ ಲಂಬಾಣಿ ಹೆಣ್ಣುಮಕ್ಕಳು, ಎತ್ತು, ಎಮ್ಮೆ ಹೀಗೆ ಒಂದರ ಹಿಂದೊಂದು ಸಿಗುತ್ತ ಹೋಗುತ್ತವೆ. ಡಾ. ರಾಜ್‌ಕುಮಾರ್ ಅವರ ಚಿತ್ರಗಳ ಪಾತ್ರಗಳಿಗೆಂದೇ ಒಂದು ವೃತ್ತವಿದೆ. ಹೆಚ್ಚು ಮಂದಿ ಫೋಟೊ ತೆಗೆಸಿಕೊಳ್ಳುವುದು ಅಲ್ಲಿಯೇ.

ಸಿಮೆಂಟಿನ ಶಿಲ್ಪ ಹಗುರ ಕೆಲಸವಲ್ಲ. ಕಬ್ಬಿಣದ ಸರಳು ಬಾಗಿಸಿ ಎಲುಬಿನ ಹಂದರ ಕಟ್ಟಬೇಕು, ಅದಕ್ಕೆ ಜಾಳಿಗೆ ಸುತ್ತಬೇಕು, ಪದರ ಪದರವಾಗಿ ಗಾರೆ ಮೆತ್ತಬೇಕು. ಸೀರೆಯ ನೆರಿಗೆ, ಮುಖದ ಸುಕ್ಕು ಎಲ್ಲವನ್ನೂ ಗಾರೆ ಹಸಿ ಇರುವಾಗಲೇ ತೀಡಬೇಕು. ಬಿಗಿದ ಮೇಲೆ ತಿದ್ದುವುದು ಕಷ್ಟ. ಆಮೇಲೆ ನೀರುಣಿಸಿ ಗಟ್ಟಿ ಮಾಡಿ ಬಣ್ಣ ಹಚ್ಚಬೇಕು. ಬಯಲುಸೀಮೆಯ ಬಿಸಿಲಿಗೆ ಆ ಬಣ್ಣ ಮಾಸುತ್ತದೆ, ಮತ್ತೆ ಮತ್ತೆ ಹಚ್ಚಬೇಕಾಗುತ್ತದೆ.

ಊರನ್ನು ನಕಲು ಮಾಡಿ ಕಟ್ಟುವ ಈ ಆಸೆ ಜಗತ್ತಿನ ಬೇರೆಡೆಯೂ ಇದೆ. ಅಮೆರಿಕದ ಲಾಸ್ ವೇಗಸ್‌ನಲ್ಲಿ 1997ರ ಜನವರಿಯಲ್ಲಿ ‘ನ್ಯೂಯಾರ್ಕ್-ನ್ಯೂಯಾರ್ಕ್’ ಎಂಬ ಕ್ಯಾಸಿನೊ ಹೋಟೆಲ್ ತೆರೆಯಿತು. ಗಗನಚುಂಬಿ ಕಟ್ಟಡಗಳು, ಎದುರಿಗೆ ಸ್ವಾತಂತ್ರ್ಯದೇವಿ, ಒಳಗೆ ಜೂಜಿನ ಮೇಜುಗಳು. ಮುಂದೆ ಅಮೆರಿಕದ ಅಂಚೆ ಇಲಾಖೆ ಮೂಲ ಪ್ರತಿಮೆಯೆಂದೇ ತಿಳಿದು ವೇಗಸ್‌ನ ಪ್ರತಿಮೆಯ ಮುಖವನ್ನು ಅಂಚೆಚೀಟಿಯಲ್ಲಿ ಅಚ್ಚು ಹಾಕಿಸಿತು. ಶಿಲ್ಪಿ ರಾಬರ್ಟ್ ಡೇವಿಡ್‌ಸನ್ ನ್ಯಾಯಾಲಯಕ್ಕೆ ಹೋದರು. ತಮ್ಮ ಅತ್ತೆಯ ಫೋಟೊ ನೋಡಿ ಆ ಮುಖ ತಿದ್ದಿದ್ದಾಗಿ ಹೇಳಿದರು. 2018ರಲ್ಲಿ ಅವರಿಗೆ ಸುಮಾರು 35 ಲಕ್ಷ ಡಾಲರ್ ಪರಿಹಾರ ಸಿಕ್ಕಿತು.

ಅಷ್ಟು ದೊಡ್ಡ ನಕಲಿನೊಳಗೂ ಆ ಕಲಾವಿದ ತನ್ನ ಮನೆಯ ಹಿರಿಯಳನ್ನು ಹುಡುಕಿದ್ದ. ಗೊಟಗೋಡಿಗೆ ಬಂದವರು ಮಾಡುವುದೂ ಅದನ್ನೇ. ‘ನಮ್ಮ ಕಾಕಾ ಥೇಟ್ ಹಿಂಗ ಕುಂದರತಿದ್ದ’ ಎಂಬ ಮಾತು ಇಲ್ಲಿ ಕಿವಿಗೆ ಬೀಳುತ್ತಲೇ ಇರುತ್ತದೆ. ದೂರದ ಶಹರವನ್ನು ಹತ್ತಿರ ತಂದು ಬೆರಗು ಹುಟ್ಟಿಸುವುದು ಒಂದು ಬಗೆ. ನಿನ್ನೆ ಮೊನ್ನೆಯವರೆಗೂ ಅಂಗಳದಲ್ಲಿದ್ದು ಕಾಣೆಯಾದುದನ್ನು ಕಣ್ಣೆದುರು ನಿಲ್ಲಿಸುವುದು ಇನ್ನೊಂದು. ಈ ಎರಡನೆಯದರಲ್ಲಿ ನೋಡುವವರ ಬಾಯಿ ಬಿಚ್ಚುತ್ತದೆ. ಹಿರಿಯರೇ ಹೇಳಿಕೊಡುವವರಾಗುತ್ತಾರೆ.

2011ರಲ್ಲಿ ಹುಟ್ಟಿದ ಕರ್ನಾಟಕ ಜಾನಪದ ವಿಶ್ವವಿದ್ಯಾಲಯ ಇರುವುದೂ ಇದೇ ಗೊಟಗೋಡಿಯಲ್ಲಿ. ಬೀಸುಕಲ್ಲು ಒಂದು ಕಡೆ, ಅದರ ಮುಂದೆ ಹುಟ್ಟಿದ ಹಾಡುಗಳ ಅಧ್ಯಯನ ಇನ್ನೊಂದು ಕಡೆ. ಎರಡಕ್ಕೂ ಒಂದೇ ಊರು ನೆಲೆಯಾಗಿದೆ.

ರಾಣೆಬೆನ್ನೂರಿನಿಂದ ಹೊರಡುವವರು ಬೆಳಿಗ್ಗೆ ಬೇಗ ಕೃಷ್ಣಮೃಗಗಳ ಅಭಯಾರಣ್ಯ ನೋಡಿಕೊಂಡು ಹೆದ್ದಾರಿ ಹಿಡಿಯಬಹುದು. ಸುಗ್ಗಿಯಲ್ಲಾದರೆ ಮೋಟೆಬೆನ್ನೂರಿನಲ್ಲಿ ಹೊರಳಿ, ಬ್ಯಾಡಗಿಯ ಮಾರುಕಟ್ಟೆಯಲ್ಲಿ ಮೆಣಸಿನಕಾಯಿಯ ಕೆಂಪು ರಾಶಿ ಕಂಡು ಮುಂದೆ ಹೋಗಬಹುದು. ಹಾವೇರಿ ದಾಟಿದರೆ ಬಂಕಾಪುರ. ಅಲ್ಲಿಯ ಕೋಟೆಯೊಳಗೆ ನಗರೇಶ್ವರ ಗುಡಿಯೂ ನವಿಲುಧಾಮವೂ ಇವೆ. ಕನಕದಾಸರ ಹುಟ್ಟೂರು ಬಾಡವೂ ಇದೇ ಶಿಗ್ಗಾವಿ ತಾಲ್ಲೂಕಿನದು.

ಗೊಟಗೋಡಿಗೆ ಕನಿಷ್ಠ ಅರ್ಧ ದಿನ ಇಡಿ. ಮನೆಯಲ್ಲಿ ಅಜ್ಜ, ಅಜ್ಜಿ ಇದ್ದರೆ ಕರೆದುಕೊಂಡೇ ಹೋಗಿ. ಶಿಲ್ಪ ತೋರಿಸುವುದು ಕೈ ಎತ್ತಿದ ಒಂದು ಗಳಿಗೆಯನ್ನು ಮಾತ್ರ. ಆ ಕೈ ಮುಂದೆ ಹೇಗೆ ತಿರುಗುತ್ತಿತ್ತು ಎಂಬುದು ಅವರಿಗೆ ಗೊತ್ತು.